ಕ್ಯಾರೆಕ್ಟರ್ ಶೀಟಿನ ಅಲೈನ್‌ಮೆಂಟ್ ಕಾಲಂ ಬಗ್ಗೆ ನಮ್ಮ ಆಟಗಾರರಿಗೆ

ಪ್ರೀತಿಯ ಆಟಗಾರರೇ,

ನಮಸ್ಕಾರ. ಮುಂದಿನ ತಿಂಗಳ ಮೊದಲ ಶನಿವಾರದಿಂದ ನಮ್ಮಲ್ಲಿ ಶುರುವಾಗುವ ಹೊಸ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಗಳ ಕ್ಯಾರೆಕ್ಟರ್ ಶೀಟಿನಲ್ಲಿ, ಅಂದರೆ ಪಾತ್ರದ ವಿವರ ಬರೆಯುವ ಹಾಳೆಯಲ್ಲಿ, ಅಲೈನ್‌ಮೆಂಟ್ ಕಾಲಂ ಇರುವುದಿಲ್ಲ. ಲಾಫುಲ್ ಗುಡ್ (ನಿಯಮ ಪಾಲಿಸುವ ಒಳ್ಳೆಯವ), ಕೇಯಾಟಿಕ್ ಈವಿಲ್ (ನಿಯಮಕ್ಕೆ ಸಿಗದ ಕೆಟ್ಟವ) ಅಂತ ಪಾತ್ರದ ಸ್ವಭಾವ ಬರೆಯುತ್ತಿದ್ದ ಜಾಗದಲ್ಲಿ ಎರಡು ಖಾಲಿ ಸಾಲು ಬಿಟ್ಟಿದ್ದೇವೆ. ನಿಮ್ಮ ಪಾತ್ರ ಏನೇ ಆದರೂ ಮಾಡುವ ಕೆಲಸ ಒಂದು ಸಾಲಿಗೆ. ಪ್ರಾಣ ಹೋದರೂ ಮಾಡದ ಕೆಲಸ ಇನ್ನೊಂದಕ್ಕೆ. ಟೇಬಲ್ ಶುಲ್ಕ, ಸಮಯ, ಚಹಾ, ಖಾರ ಮಂಡಕ್ಕಿ ಎಲ್ಲ ಮೊದಲಿನ ಹಾಗೇ.

ಈ ಸುದ್ದಿ ಪತ್ರಕ್ಕಿಂತ ಮೊದಲೇ ನಿಮ್ಮನ್ನು ಮುಟ್ಟಿದೆ ಅಂತ ಗೊತ್ತು. ಕೆಲವರು ಸಿಟ್ಟಾಗಿದ್ದಾರೆ. ಕೆಲವರು "ಇನ್ನು ಮೇಲೆ ಆರ್ಕ್‌ಗಳಿಗೂ ಹಾರ ಹಾಕ್ಬೇಕಾ?" ಅಂತ ಗೇಲಿ ಮಾಡಿದ್ದಾರೆ (ಆರ್ಕ್ ಅಂದರೆ ಆಟದಲ್ಲಿ ಸಾಮಾನ್ಯವಾಗಿ ಶತ್ರುಗಳಾಗಿ ಬರುವ ಒಂದು ಜನಾಂಗ). "ಆ ಕಾಲಂ ಯಾರು ನೋಡ್ತಿದ್ರು ಬಿಡಿ" ಅಂದವರೂ ಇದ್ದಾರೆ. ಮೂರೂ ಥರದವರಿಗೆ ಕಾರಣ ಹೇಳಬೇಕು ಅನ್ನಿಸಿತು.

ಮೊದಲನೆಯದಾಗಿ, ಲಾಫುಲ್-ನ್ಯೂಟ್ರಲ್-ಕೇಯಾಟಿಕ್ ಒಂದು ಕಡೆ, ಗುಡ್-ನ್ಯೂಟ್ರಲ್-ಈವಿಲ್ ಇನ್ನೊಂದು ಕಡೆ ಇಟ್ಟ ಒಂಬತ್ತು ಮನೆಯ ಈ ಅಲೈನ್‌ಮೆಂಟ್ ಚೌಕ ಆಟ ಹುಟ್ಟಿದಾಗಿನಿಂದ ಇದ್ದದ್ದಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದಾಗ ಇದ್ದದ್ದು ಮೂರೇ: ಲಾ (ನಿಯಮ), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅವ್ಯವಸ್ಥೆ). ಒಳ್ಳೆಯದು, ಕೆಟ್ಟದ್ದು ಆಮೇಲೆ ಸೇರಿಕೊಂಡವು. 1977ರಲ್ಲಿ ಐದಾಯಿತು, 1978ರ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ಒಂಬತ್ತಾಯಿತು. ಆಗ ಅದು ಬರೀ ಹೆಸರಲ್ಲ, ಕಟ್ಟುನಿಟ್ಟಿನ ನಿಯಮ. ಪ್ಯಾಲಡಿನ್, ಅಂದರೆ ಧರ್ಮಯೋಧ, ಆಗಬೇಕಾದರೆ ಲಾಫುಲ್ ಗುಡ್ ಆಗಿರಲೇಬೇಕು. ಅಲೈನ್‌ಮೆಂಟ್ ಬದಲಾದರೆ ಒಂದು ಲೆವೆಲ್ ಹೋಯಿತು ಅಂತಲೇ ಲೆಕ್ಕ. ಒಂದೊಂದು ಅಲೈನ್‌ಮೆಂಟಿಗೂ ಒಂದೊಂದು ಗುಪ್ತ ಭಾಷೆ ಬೇರೆ! ಅದನ್ನು ನೆನೆದು ಯಾರೂ ಕಣ್ಣೀರು ಹಾಕುವುದನ್ನು ನಾವಂತೂ ನೋಡಿಲ್ಲ.

2008ರಲ್ಲಿ ನಾಲ್ಕನೇ ಆವೃತ್ತಿ ಒಂಬತ್ತನ್ನು ಐದಕ್ಕಿಳಿಸಿತು. ಹಳೆಯ ಅಭಿಮಾನಿಗಳು ರೇಗಿದರು. 2014ರ ಐದನೇ ಆವೃತ್ತಿಯಲ್ಲಿ ಒಂಬತ್ತೂ ವಾಪಸ್ ಬಂದವು, ಆದರೆ ಹಲ್ಲು ಕಿತ್ತ ಮೇಲೆ. ಪ್ಯಾಲಡಿನ್‌ಗೆ ಈಗ ಮುಖ್ಯ ಅವನ ಪ್ರತಿಜ್ಞೆ. ಒಳಿತು ಕೆಡುಕು ಪತ್ತೆ ಮಾಡುವ ಮಂತ್ರ ಕೂಡ ಯಾರ ಮನಸ್ಸನ್ನೂ ಓದುವುದಿಲ್ಲ. ಹತ್ತಿರದಲ್ಲಿ ಪ್ರೇತವೋ, ಪಿಶಾಚಿಯೋ, ದೇವಲೋಕದವರೋ ಇದ್ದರೆ ಅಷ್ಟನ್ನು ಹೇಳುತ್ತದೆ. ಎದುರಿಗಿರುವ ವ್ಯಾಪಾರಿ ಮೋಸಗಾರನಾ ಅಂತ ಅದರಿಂದ ಗೊತ್ತಾಗುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಇದಕ್ಕಾಗಿ ಒಂದೊಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕಲು ಇರುವ ಸೀಮಿತ ಅವಕಾಶ) ಸುಮ್ನೆ ಕಳೆದುಕೊಂಡಿದ್ದಾರೆ.

ದೊಡ್ಡ ಗಲಾಟೆ ಆದದ್ದು 2020ರಿಂದ ಈಚೆಗೆ. ಆರ್ಕ್, ಡ್ರೌ (ನೆಲದಡಿಯ ಎಲ್ಫ್‌ಗಳು) ಥರದ ಇಡೀ ಜನಾಂಗವನ್ನೇ ಹುಟ್ಟಿನಿಂದ ಕೆಟ್ಟದ್ದು ಅನ್ನುವುದು ಸರಿಯಲ್ಲ ಅಂತ ಆಟ ಹೊರತರುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯೇ ಹೇಳಿತು. 2021ರ ಕೊನೆಗೆ ಆಟಗಾರರ ಜನಾಂಗಗಳಿಗೆ ಸೂಚಿಸಿದ್ದ ಅಲೈನ್‌ಮೆಂಟನ್ನು ತಿದ್ದುಪಡಿಯಲ್ಲಿ ತೆಗೆಯಿತು. 2023ರಲ್ಲಿ ಇದೇ ಥರದ ಇನ್ನೊಂದು ಆಟವಾದ ಪಾತ್‌ಫೈಂಡರ್‌ನವರು ಇನ್ನೂ ಮುಂದೆ ಹೋಗಿ ಅಲೈನ್‌ಮೆಂಟನ್ನೇ ಕೈಬಿಟ್ಟರು. ಅವರಲ್ಲಿ ಈಗ ಪಾತ್ರ ಪಾಲಿಸಬೇಕಾದದ್ದು ಯಾವುದು, ಅದಕ್ಕೆ ನಿಷಿದ್ಧ ಯಾವುದು ಅಂತ ಬರೆಯುತ್ತಾರೆ. ನಮ್ಮ ಎರಡು ಸಾಲಿನ ಮೂಲ ಅದೇ. ಮುಚ್ಚಿಡುವುದೇನಿದೆ.

ಆದರೆ ಅಲ್ಲಿ ಬದಲಾಯಿತು ಅಂತ ನಾವು ಬದಲಾಯಿಸುತ್ತಿಲ್ಲ. ನಮ್ಮ ಟೇಬಲ್‌ಗಳಲ್ಲೇ ನೋಡಿದ್ದು ಸಾಕಾಗಿದೆ. ಕಳೆದ ಮಳೆಗಾಲದ ಒಂದು ಆಟ ಹೇಳುತ್ತೇವೆ, ಆಡಿದವರಿಗೆ ಗೊತ್ತಾಗುತ್ತದೆ. ಗುಹೆಯ ಬಾಗಿಲಲ್ಲಿ ಕ್ಲೆರಿಕ್ (ಪೂಜಾರಿಯ ಪಾತ್ರ) ಬಿದ್ದಿದ್ದಾಳೆ. ಸಾಯದೆ ಉಳಿಯಲು ಡೈಸ್ ಹಾಕುವ ಡೆತ್ ಸೇವ್ ಎರಡು ಹೋಗಿದೆ, ಇನ್ನೊಂದು ಹೋದರೆ ಮುಗಿಯಿತು. ರೋಗ್‌ನ (ಕಳ್ಳನ ಪಾತ್ರ) ಚೀಲದಲ್ಲಿ ಹೀಲಿಂಗ್ ಪೋಶನ್ (ಗಾಯ ವಾಸಿ ಮಾಡುವ ಮದ್ದು) ಇದೆ. ಆತ ಕೊಡಲಿಲ್ಲ. ಯಾಕಪ್ಪಾ ಅಂದರೆ ಶೀಟ್ ಎತ್ತಿ ಹಿಡಿದು "ನಾನು ಕೇಯಾಟಿಕ್ ನ್ಯೂಟ್ರಲ್ ಅಲ್ವಾ" ಅಂದ. ಕ್ಲೆರಿಕ್ ಸತ್ತಳು. ಆಡುತ್ತಿದ್ದ ಹುಡುಗಿ ಡೈಸ್ ಚೀಲ ಕಟ್ಟಿಕೊಂಡು ತೀರ್ಥಹಳ್ಳಿ ಬಸ್ಸಿಗೆ ಎದ್ದು ಹೋದಳು.

ರೋಗ್ ಜಿಪುಣನಾಗಿದ್ದಕ್ಕೆ ನಮ್ಮ ತಕರಾರಿಲ್ಲ. ಜಿಪುಣ ಕಳ್ಳ ಒಳ್ಳೇ ಪಾತ್ರ. ಬೇಜಾರಾದದ್ದು, ಎರಡೇ ಪದದಲ್ಲಿ ಮಾತು ಮುಗಿದುಹೋದದ್ದಕ್ಕೆ. 'ನನ್ನ ಚೀಲಕ್ಕೆ ಬಿದ್ದದ್ದನ್ನು ಯಾರಿಗೂ ಬಿಟ್ಟುಕೊಡಲ್ಲ' ಅಂತ ಅವನೇ ಮೊದಲ ದಿನ ಎಲ್ಲರೆದುರು ಬರೆದಿದ್ದರೆ, ಮಿಕ್ಕವರಿಗೆ ಅವನು ಎಂಥವನು ಅಂತ ಗೊತ್ತಿರುತ್ತಿತ್ತು. ಕೊಡುವಾಗಲೂ ಕೊಡದಿರುವಾಗಲೂ ಅವನ ಕೈ ನಡುಗುತ್ತಿತ್ತು. ನಮ್ಮ ಕಡೆಯ ತಾಳಮದ್ದಲೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಲಿ ಬಾಣ ತಿಂದು ಬಿದ್ದ ಮೇಲೆ ರಾಮನನ್ನು ಕೇಳುವ ಪ್ರಶ್ನೆಗಳಿಗೇ ಅಲ್ವಾ ಜನ ರಾತ್ರಿ ನಿದ್ದೆಗೆಟ್ಟು ಕೂರುವುದು? ವಾಲಿಯ ಹಣೆ ಮೇಲೆ 'ಕೆಟ್ಟವನು' ಅಂತ ಚೀಟಿ ಅಂಟಿಸಿದ್ದರೆ ಅರ್ಥಧಾರಿಗೆ ಕೆಲಸವೇ ಇಲ್ಲ.

ಇನ್ನು ನಿಮ್ಮ ಆಕ್ಷೇಪಗಳು. "ವಾರವಿಡೀ ಆಫೀಸಲ್ಲಿ ಯಾರು ಸರಿ ಯಾರು ತಪ್ಪು ಅಂತ ನೋಡಿ ಸುಸ್ತಾಗಿರುತ್ತೆ, ಇಲ್ಲಿ ಎದುರಿಗಿರೋನು ಕೆಟ್ಟವನು ಅಂತ ಗೊತ್ತಿದ್ರೆ ಸಾಕು" ಅಂತ ಹಳೆಯ ಆಟಗಾರರೊಬ್ಬರು ಹೇಳಿದರು. ನ್ಯಾಯವಾದ ಮಾತು. ಅದಕ್ಕೇ ಭಾನುವಾರ ಬೆಳಗ್ಗಿನ ಟೇಬಲ್ ಪೂರ್ತಿ ಹಳೆಯ ನಿಯಮದಲ್ಲೇ ನಡೆಯುತ್ತದೆ. ಡೆವಿಲ್‌ಗಳು, ಡೀಮನ್‌ಗಳು ಎಲ್ಲ ಟೇಬಲ್‌ಗಳಲ್ಲೂ ಕೆಟ್ಟವರಾಗಿಯೇ ಇರುತ್ತಾರೆ. ಡೆವಿಲ್‌ಗಳ ನೈನ್ ಹೆಲ್ಸ್ ಮತ್ತು ಡೀಮನ್‌ಗಳ ಅಬಿಸ್ ನಡುವಿನ ಜಗಳವೇ ಅಲೈನ್‌ಮೆಂಟ್ ಮೇಲೆ ನಿಂತಿದೆ, ಅದನ್ನು ಕಿತ್ತರೆ ಲೋಕವೇ ಕುಸಿಯುತ್ತದೆ. ನಾವು ಬಿಡುತ್ತಿರುವುದು ಆಟಗಾರರ ಶೀಟಿನದ್ದು ಮತ್ತು ಊರು, ಸಂಸಾರ ಇರುವ ಜನಾಂಗಗಳದ್ದು ಮಾತ್ರ.

ಟ್ಯಾಲಿಸ್ಮನ್ ಆಫ್ ಪ್ಯೂರ್ ಗುಡ್ ಥರದ, ಒಳ್ಳೆಯವರಿಗೆ ಮಾತ್ರ ಒಲಿಯುವ ವಸ್ತು ಸಿಕ್ಕರೆ ಏನು ಮಾಡೋದು ಅಂತಲೂ ಕೇಳಿದ್ದೀರಿ. ಅಲ್ಲಿಯವರೆಗೆ ನಿಮ್ಮ ಪಾತ್ರ ಮಾಡಿದ್ದನ್ನು ನೋಡಿ ಡಿಎಂ (ಆಟ ನಡೆಸುವವರು) ತೀರ್ಮಾನಿಸುತ್ತಾರೆ. ವಾದ ಮಾಡಬಹುದು, ಹತ್ತು ನಿಮಿಷ ಮೀರಬಾರದು.

ಈಗ ಅರ್ಧದಲ್ಲಿರುವ ಕ್ಯಾಂಪೇನ್‌ಗಳು (ಹಲವು ಸಲ ಕೂತು ಆಡುವ ಒಂದೇ ಕಥೆ) ಮುಗಿಯುವವರೆಗೆ ಹಳೆಯ ಶೀಟೇ ನಡೆಯುತ್ತದೆ. ಹೊಸ ಶೀಟಿನ ಜೆರಾಕ್ಸ್ ಕೌಂಟರಿನಲ್ಲಿ ಇಟ್ಟಿದ್ದೇವೆ, ದುಡ್ಡಿಲ್ಲ. ಎರಡು ಸಾಲು ಏನು ಬರೆಯೋದು ಅಂತ ತೋಚದಿದ್ದರೆ ಶುಕ್ರವಾರ ಸಂಜೆ ಬನ್ನಿ, ಕೂತು ಬರೆಯೋಣ. ಸಾಗರ, ತೀರ್ಥಹಳ್ಳಿ ಕಡೆಯವರು ಸ್ವಲ್ಪ ಬೇಗ ಬಂದರೆ ಬಸ್ಸು ತಪ್ಪುವುದಿಲ್ಲ.

ಇಂತಿ,
ಆಟದ ಮನೆಯ ಪರವಾಗಿ,
ದುರ್ಗಿಗುಡಿ, ಶಿವಮೊಗ್ಗ