ನಿಮಗ್ಯಾಕ್ರೀ ಅದು?

ಮಾನ್ಯರೇ,

ಓಟು ಹಾಕುವ ದಿನ ನಾವೇ ಯಜಮಾನರು. ಮರುದಿನ ಸರ್ಕಾರಿ ಕಚೇರಿಯ ಕಿಟಕಿ ಮುಂದೆ ಕೈಕಟ್ಟಿ ನಿಂತು ‘ಸ್ವಲ್ಪ ನೋಡಿ ಸಾರ್’ ಅನ್ನುತ್ತೇವೆ. ಒಳಗಿನವರು ತಲೆ ಎತ್ತದೆಯೇ ‘ನಾಳೆ ಬನ್ನಿ’ ಅಂದರೆ ಸುಮ್ನೆ ವಾಪಸ್ ಬರುತ್ತೇವೆ. ಫೈಲು ನಮ್ಮದೇ, ಅಲ್ವಾ?

ಸರ್ಕಾರಿ ಕಾಗದಪತ್ರ ನೋಡುವ ಹಕ್ಕನ್ನು ಸ್ವೀಡನ್ 1766ರಲ್ಲೇ ಜನರಿಗೆ ಕೊಟ್ಟಿತ್ತು. ಅದೂ ರಾಜ ಇದ್ದ ಕಾಲದಲ್ಲಿ! ಭಾರತದಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಮಾಹಿತಿ ಯಾಕೆ ಬೇಕು ಅಂತ ಅರ್ಜಿದಾರರು ಕಾರಣ ಹೇಳಬೇಕಾಗಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಈ ಮಾತೇ. ಆದರೂ ಅರ್ಜಿ ಹಿಡಿದು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಎಷ್ಟೋ ಸಲ ‘ನಿಮಗ್ಯಾಕ್ರೀ ಅದು?’ ಎಂಬುದೇ.

– ಒಬ್ಬ ಓದುಗ