ಹಸಿರೆಲ್ಲ ಕಾಡಲ್ಲ, ಮಗಳೇ

ಚಿ. ಸುಮಾಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಡು, ತೋಟ, ಗದ್ದೆ ಎಲ್ಲೆಲ್ಲಿವೆ, ಹೇಗೆ ಬದಲಾಗಿವೆ ಅಂತ ಉಪಗ್ರಹ ಚಿತ್ರಗಳಿಂದ ನೀನು ಮಾಡಿ ಕಳಿಸಿದ ನಕ್ಷೆ ನೋಡಿದೆ. 81,155 ಚದರ ಕಿಲೋಮೀಟರಿನ ಕಾವೇರಿ ಕಣಿವೆ, ತಲಕಾವೇರಿಯಿಂದ ತಂಜಾವೂರಿನ ಬಯಲಿನ ತನಕ, ಒಂದೇ ಹಾಳೆಯಲ್ಲಿ! ಖುಷಿಯಾಯಿತು. ಕೊಡಗಿನ ಮೂಲೆಗೆ ಬಂದಾಗ ಮಾತ್ರ ಕನ್ನಡಕ ಒರೆಸಿ ಮತ್ತೆ ನೋಡಿದೆ. ನಮ್ಮ ತೋಟಕ್ಕೇ ಕಾಡಿನ ಬಣ್ಣ ಹಚ್ಚಿದ್ದೀಯಲ್ಲ!

ತಪ್ಪು ನಿನ್ನದಲ್ಲ. ಕಾಫಿ ಇರುವುದು ಮರದ ನೆರಳಲ್ಲಿ. ಉಪಗ್ರಹಕ್ಕೆ ಕಾಣುವುದು ಮರದ ತಲೆ ಮಾತ್ರ. ಆ ತಲೆಗಳೂ ಈಗ ಬೇರೆ. ನಾನು ಹುಡುಗನಾಗಿದ್ದಾಗ ಅತ್ತಿ, ಹಲಸು, ನಂದಿ, ಬೀಟೆ ಇದ್ದವು. ಈಗ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್, ಸಾಲು ಸಾಲು. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಕಾಡುಮರದಷ್ಟು ರಗಳೆ ಇಲ್ಲ. ಬೈಯಲು ನನಗೆ ಬಾಯಿಲ್ಲ, ನಾನೂ ನೆಟ್ಟವನೇ. ಆದರೆ ಅತ್ತಿ ಹಣ್ಣಿಗೆ ಬರುತ್ತಿದ್ದ ಮಂಗಟ್ಟೆ ಹಕ್ಕಿ ಈಗ ನಮ್ಮ ತೋಟಕ್ಕೆ ಬರುವುದಿಲ್ಲ.

ಗದ್ದೆಯ ವಿಷಯ ಇನ್ನೂ ದೊಡ್ಡದು. ಮಳೆಗಾಲದಲ್ಲಿ ಇಲ್ಲಿ ಮೋಡ ಸರಿಯುವುದೇ ಅಪರೂಪ. ಅದಕ್ಕೇ ನೀವೆಲ್ಲ ಫೆಬ್ರವರಿಯ ಚಿತ್ರ ಆರಿಸುತ್ತೀರಿ, ಅಲ್ವಾ? ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದು ಕೊಯ್ಲಾದ ಗದ್ದೆಯೂ, ವರ್ಷಗಟ್ಟಲೆ ಪಾಳು ಬಿದ್ದ ಗದ್ದೆಯೂ ಆಗ ಹೆಚ್ಚುಕಡಿಮೆ ಒಂದೇ ತರ ಒಣಗಿರುತ್ತವೆ. ನೀರಿನ ಲೆಕ್ಕದಲ್ಲಿ ಅವು ಒಂದಲ್ಲ. ನಾಟಿ ಮಾಡಿದ ಗದ್ದೆಯಲ್ಲಿ ಬದುವಿನೊಳಗೆ ತಿಂಗಳುಗಟ್ಟಲೆ ನೀರು ನಿಂತು, ನಿಧಾನಕ್ಕೆ ಇಂಗಿ, ತೋಡಿಗೆ ಇಳಿಯುತ್ತದೆ. ಬದು ಒಡೆದಲ್ಲಿ, ಶುಂಠಿಗೆಂದು ಕಾಲುವೆ ತೆಗೆದಲ್ಲಿ, ಬಿದ್ದ ಮಳೆ ಬಿದ್ದ ಹಾಗೇ ಓಡುತ್ತದೆ. ಕೆಆರ್‌ಎಸ್ 124 ಅಡಿ ಮುಟ್ಟಿತಾ ಅಂತ ದಿನಾ ಕೇಳುವವರು ಈ ಗದ್ದೆಗಳ ಬಗ್ಗೆ ಕೇಳಿದ್ದು ನನಗಂತೂ ಗೊತ್ತಿಲ್ಲ.

ಪಹಣಿ ನೋಡಿ ತಿದ್ದುತ್ತೇನೆ ಅನ್ನಬೇಡ. ಆಳು ಸಿಗದೆ ನಮ್ಮ ಕೆಳಗಿನ ಗದ್ದೆ ಬಿಟ್ಟ ಮೇಲೂ ಪಹಣಿಯಲ್ಲಿ ಬಹಳ ವರ್ಷ ಭತ್ತ ಬೆಳೆಯುತ್ತಲೇ ಇತ್ತು!

ಇನ್ನೊಂದು. ನೀನು ಬಳಸಿದ ಮೊದಲ ಉಪಗ್ರಹ ಚಿತ್ರ 1973ರದು. ಮಡಿಕೇರಿ ಬಳಿ ಇಂಗ್ಲಿಷರ ಕಾಫಿ ತೋಟ 1854ರಲ್ಲೇ ಶುರುವಾಗಿತ್ತು. 1973ರ ಹಸಿರನ್ನು ಮೂಲ ಕಾಡು ಅಂತ ಬರೆಯಬೇಡ. ಹಳೆಯ ಮರ ನೋಡಬೇಕಾದರೆ, ದೇವರ ಹೆಸರಲ್ಲಿ ಕಡಿಯದೆ ಬಿಟ್ಟ ದೇವರಕಾಡಿಗೆ ಕರೆದುಕೊಂಡು ಹೋಗುತ್ತೇನೆ. ಅದರ ಅಂಚೂ ಸವೆದಿದೆ.

ಆಗಸ್ಟಿನಲ್ಲಿ ಒಂದು ವಾರ ಬಾ. ಎಲ್ಲಿ ನೀರು ನಿಂತಿದೆ, ಎಲ್ಲಿ ಇಲ್ಲ ಅಂತ ಗದ್ದೆ ಗದ್ದೆ ನಡೆದು ಗುರುತು ಹಾಕೋಣ. ಮಂಡಿ ನೋವಿದ್ದರೂ ನಾನು ಜೊತೆಗೆ ಬರುತ್ತೇನೆ. ಜಿಗಣೆ ಜಾಸ್ತಿ, ಉದ್ದ ಕಾಲುಚೀಲ ತಾ.

ಇಂತಿ,
ನಿನ್ನ ದೊಡ್ಡಪ್ಪ