ನಕ್ಷತ್ರ ಹುಟ್ಟುವುದು ಬಿಸಿಯಲ್ಲಲ್ಲ, ತಂಪಿನಲ್ಲಿ

ಮಾನ್ಯ ಸಂಪಾದಕರೇ,

ನಕ್ಷತ್ರಗಳು ದೇವರು ನೇರವಾಗಿ ಸೃಷ್ಟಿಸಿದವೋ, ಅನಿಲದ ಮೋಡ ಕುಗ್ಗಿ ಆದವೋ ಎಂದು ಓದುಗರ ಅಂಕಣದಲ್ಲಿ ನಡೆದಿರುವ ವಾದದಲ್ಲಿ ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಿದ್ದಾರೆ. ಇಬ್ಬರ ತಲೆಯಲ್ಲೂ ಇರುವುದು ಬಿಸಿ ಅನಿಲ. ‘ಬಿಸಿ ಅನಿಲ ಹಿಗ್ಗುತ್ತದೆಯೇ ಹೊರತು ತಾನಾಗಿ ಕುಗ್ಗುವುದಿಲ್ಲ’ ಎನ್ನುತ್ತಾರೆ ಸೃಷ್ಟಿವಾದಿಗಳು. ‘ಗುರುತ್ವ ಎಳೆದುಕೊಳ್ಳುತ್ತದೆ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತಾರೆ ವಿಜ್ಞಾನದ ಪರ ಬರೆಯುವವರು. ನಿಜ ಹೇಳಬೇಕೆಂದರೆ ಆಕ್ಷೇಪವೇ ಉತ್ತರಕ್ಕಿಂತ ಗಟ್ಟಿಯಾಗಿದೆ.

ಹಿಗ್ಗಿಸುವ ಒತ್ತಡ, ಕುಗ್ಗಿಸುವ ಗುರುತ್ವಗಳ ಈ ಜಗ್ಗಾಟದ ಲೆಕ್ಕವನ್ನು ಬ್ರಿಟಿಷ್ ಭೌತವಿಜ್ಞಾನಿ ಜೇಮ್ಸ್ ಜೀನ್ಸ್ 1902ರಲ್ಲೇ ಮಾಡಿಟ್ಟರು. ಮೋಡದ ಒತ್ತಡವನ್ನು ಅದರ ಗುರುತ್ವ ಸೋಲಿಸಬೇಕಾದರೆ ಮೋಡದಲ್ಲಿ ಕನಿಷ್ಠ ಇಂತಿಷ್ಟು ದ್ರವ್ಯ ಇರಲೇಬೇಕು. ಉಷ್ಣತೆ ನಾಲ್ಕು ಪಟ್ಟಾದರೆ ಈ ಕನಿಷ್ಠ ದ್ರವ್ಯ ಎಂಟು ಪಟ್ಟಾಗುತ್ತದೆ. ಸಾಂದ್ರತೆ ನೂರು ಪಟ್ಟಾದರೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ನಕ್ಷತ್ರಗಳ ನಡುವೆ ಹರಡಿರುವ ಸಾಧಾರಣ ಹೈಡ್ರೋಜನ್ ಮೋಡದಲ್ಲಿ ಘನ ಸೆಂಟಿಮೀಟರಿಗೆ ಕೆಲವು ಹತ್ತು ಪರಮಾಣು, ಉಷ್ಣತೆ ಮೈನಸ್ 170 ಡಿಗ್ರಿಯ ಆಸುಪಾಸು. ಅದು ಕುಸಿಯಲು ಸಾವಿರಾರು ಸೂರ್ಯರಷ್ಟು ದ್ರವ್ಯ ಬೇಕು. ಅಲ್ಲಿಯವರೆಗೆ ಸೃಷ್ಟಿವಾದಿಗಳ ಮಾತೇ ಸರಿ. ಆದರೆ ಧೂಳು ತುಂಬಿದ ಕಪ್ಪು ಮೋಡಗಳ ತಿರುಳಿಗೆ ಬನ್ನಿ: ಮೈನಸ್ 263 ಡಿಗ್ರಿ, ಘನ ಸೆಂಟಿಮೀಟರಿಗೆ ಒಂದು ಲಕ್ಷ ಅಣು. ಇಲ್ಲಿ ಒಂದೆರಡು ಸೂರ್ಯರಷ್ಟು ದ್ರವ್ಯ ಇದ್ದರೂ ಗುರುತ್ವ ಗೆಲ್ಲುತ್ತದೆ. ಅದೇ ತಿರುಳನ್ನು ಸಾಂದ್ರತೆ ಬದಲಿಸದೆ ಕಲಬುರಗಿಯ ಮೇ ತಿಂಗಳ 43 ಡಿಗ್ರಿಗೆ ಕಾಯಿಸಿದರೆ ಸುಮಾರು 180 ಪಟ್ಟು ದ್ರವ್ಯ ಬೇಕಾಗುತ್ತದೆ.

ಅಷ್ಟು ತಂಪು ಎಲ್ಲಿಂದ ಬಂತು? ಮೋಡದ ಧೂಳು ಹೊರಗಿನ ನಕ್ಷತ್ರಗಳ ಬೆಳಕನ್ನು ಒಳಗೆ ಬಿಡುವುದಿಲ್ಲ. ಒಳಗಿನ ಕಾರ್ಬನ್ ಮೊನಾಕ್ಸೈಡ್ ಅಣುಗಳು ಹೈಡ್ರೋಜನ್ ಅಣುಗಳ ಡಿಕ್ಕಿಯಿಂದ ಗಿರಕಿ ಹೊಡೆದು, ಆ ಶಕ್ತಿಯನ್ನು 2.6 ಮಿಲಿಮೀಟರಿನಂಥ ರೇಡಿಯೊ ತರಂಗಗಳಾಗಿ ಹೊರಗೆ ಚೆಲ್ಲುತ್ತವೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ಬೆವರಿ ಒಳಗಿನ ನೀರು ತಣ್ಣಗಾಗುವುದಿಲ್ಲವೇ, ಹಾಗೆ; ಇಲ್ಲಿ ಆವಿಯ ಬದಲು ತರಂಗ. ‘ಅಸ್ತವ್ಯಸ್ತ ಅನಿಲ ತಾನಾಗಿ ಅಚ್ಚುಕಟ್ಟಾಗುವುದು ಉಷ್ಣಗತಿ ವಿಜ್ಞಾನದ ಎರಡನೇ ನಿಯಮಕ್ಕೆ ವಿರುದ್ಧ’ ಎಂಬ ವಾದಕ್ಕೂ ಇದೇ ಗಡಿಗೆ ಸಾಕು. ಒಳಗೆ ಎಂಟ್ರಪಿ (ಅಸ್ತವ್ಯಸ್ತತೆಯ ಅಳತೆ) ಇಳಿದಷ್ಟಕ್ಕಿಂತ ಹೆಚ್ಚು ಹೊರಗೆ ಏರಿರುತ್ತದೆ. ಮೋಡ ಮುಚ್ಚಿದ ಡಬ್ಬಿಯಲ್ಲ.

ಇದಕ್ಕಿಂತ ಚುರುಕಾದ ಪ್ರಶ್ನೆಯೊಂದಿದೆ: ಧೂಳು, ಕಾರ್ಬನ್, ಆಮ್ಲಜನಕ ಎಲ್ಲವೂ ಹಿಂದಿನ ನಕ್ಷತ್ರಗಳಲ್ಲಿ ಬೆಂದು ಬಂದವು, ಹಾಗಾದರೆ ಮೊಟ್ಟಮೊದಲ ನಕ್ಷತ್ರಕ್ಕೆ ತಂಪು ಕೊಟ್ಟವರಾರು? ಹೈಡ್ರೋಜನ್ ಅಣುವೇ ಕೊಟ್ಟಿತು, ಆದರೆ ಕಳಪೆಯಾಗಿ. ಅದರಿಂದ ಮೈನಸ್ 70 ಡಿಗ್ರಿಯ ಹತ್ತಿರಕ್ಕಷ್ಟೇ ಇಳಿಯಲು ಸಾಧ್ಯ. ಹಾಗಾಗಿ ಮೊದಲ ನಕ್ಷತ್ರಗಳು ಸೂರ್ಯನಿಗಿಂತ ಹತ್ತಾರು, ನೂರಾರು ಪಟ್ಟು ಭಾರ ಇದ್ದಿರಬೇಕು ಎನ್ನುತ್ತದೆ ಲೆಕ್ಕ. ಅಂಥ ಒಂಟಿ ನಕ್ಷತ್ರ ಇನ್ನೂ ಯಾರ ದೂರದರ್ಶಕಕ್ಕೂ ಸಿಕ್ಕಿಲ್ಲ. ಇದನ್ನು ವಿಜ್ಞಾನದ ಪರ ಬರೆಯುವವರು ಮುಚ್ಚಿಡಬೇಕಾಗಿಲ್ಲ.

ನಿಜವಾದ ತೊಡಕು ತಿರುಗುವಿಕೆಯದು. ಒಂದು ಜ್ಯೋತಿರ್ವರ್ಷದ ಮೂರನೇ ಒಂದರಷ್ಟು ಅಗಲದ ತಿರುಳು ಸೂರ್ಯನ ಗಾತ್ರಕ್ಕೆ ಬರಲು ಅಗಲದಲ್ಲಿ 20 ಲಕ್ಷ ಪಟ್ಟು ಕುಗ್ಗಬೇಕು. ಮೊದಲಿದ್ದ ನಿಧಾನ ಸುತ್ತಾಟವೆಲ್ಲ ಉಳಿದರೆ, ಕುಗ್ಗಿದಂತೆ ಸುತ್ತು ಬಿರುಸಾಗಿ, ಅದು ನಕ್ಷತ್ರವಾಗುವ ಬಹಳ ಮುಂಚೆಯೇ ಚದುರಿಹೋಗುತ್ತದೆ. ಅದಕ್ಕೇ ಅನಿಲ ನೇರವಾಗಿ ಮಧ್ಯಕ್ಕೆ ಬೀಳದೆ ಮೊದಲು ತಟ್ಟೆಯಾಗುತ್ತದೆ. ಕೋನೀಯ ಸಂವೇಗವನ್ನು, ಅಂದರೆ ಈ ಸುತ್ತಾಟದ ಮೊತ್ತವನ್ನು, ಕಾಂತಕ್ಷೇತ್ರ ಮತ್ತು ಎರಡೂ ಧ್ರುವಗಳಿಂದ ಚಿಮ್ಮುವ ಅನಿಲದ ಧಾರೆಗಳು ಹೊತ್ತೊಯ್ಯುತ್ತವೆ. ಯಾವುದರ ಪಾಲು ಎಷ್ಟು ಎಂಬುದು ಇಂದಿಗೂ ಚರ್ಚೆಯ ವಿಷಯ. ತಟ್ಟೆ, ಧಾರೆಗಳು ಇವೆಯೇ ಎಂಬುದಲ್ಲ.

‘ಯಾರು ಕಂಡಿದ್ದಾರೆ?’ ಎಂಬುದಕ್ಕೆ ಬರೋಣ. ತಿರುಳು ಕುಸಿಯಲೇ ಸುಮಾರು ಒಂದು ಲಕ್ಷ ವರ್ಷ, ಸೂರ್ಯನಂಥದ್ದು ನೆಲೆಗೊಳ್ಳಲು ನಾಲ್ಕೈದು ಕೋಟಿ ವರ್ಷ ಬೇಕು. ಆದಿಯಿಂದ ಅಂತ್ಯದವರೆಗೆ ಯಾರೂ ಕಾಣಲಾರರು. ಬಿಡಿ ಹಂತಗಳನ್ನು ಕಂಡಿದ್ದಾರೆ. ವೃಷಭ ರಾಶಿಯಲ್ಲಿ 450 ಜ್ಯೋತಿರ್ವರ್ಷ ದೂರದ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ತಟ್ಟೆಯನ್ನು, ಅದರೊಳಗಿನ ಬಳೆಗಳ ಸಮೇತ, ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕ 2014ರಲ್ಲಿ ಚಿತ್ರಿಸಿತು. ಎಚ್‌ಎಚ್ 30 ಎಂಬ ಇನ್ನೊಂದು ಎಳೆಯ ನಕ್ಷತ್ರದ ಧಾರೆಯನ್ನು ಹಬಲ್ ಬಾಹ್ಯಾಕಾಶ ದೂರದರ್ಶಕ ವರ್ಷಗಳ ಅಂತರದಲ್ಲಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಅನಿಲದ ಗಂಟುಗಳು ಮುಂದಕ್ಕೆ ಸರಿದಿರುವುದು ಕಾಣುತ್ತದೆ. ಎಫ್‌ಯು ಓರಿಯಾನಿಸ್ ಎಂಬ ಎಳೆಯ ನಕ್ಷತ್ರ 1936-37ರಲ್ಲಿ ನೂರು ಪಟ್ಟಿಗೂ ಹೆಚ್ಚು ಬೆಳಗಿತು. ತಟ್ಟೆಯ ಅನಿಲ ಒಮ್ಮೆಲೇ ಮೈಮೇಲೆ ಸುರಿದದ್ದೇ ಕಾರಣ.

ಗುರುತ್ವದ ನಿಯಮವನ್ನೇ ಇಟ್ಟವರಾರು ಎಂದು ಕೇಳುವವರೊಂದಿಗೆ ನನ್ನ ಜಗಳವಿಲ್ಲ. ಆ ಪ್ರಶ್ನೆಗೆ ದೂರದರ್ಶಕ ಬೇಕಾಗಿಲ್ಲ. ‘ಅನಿಲ ಕುಗ್ಗಲಾರದು’ ಎಂಬುದು ಮಾತ್ರ ಅನಿಲದ ಬಗೆಗಿನ ಮಾತು. ಅದನ್ನು ಅನಿಲದ ಉಷ್ಣತೆ, ಸಾಂದ್ರತೆ ಅಳೆದೇ ತೀರ್ಮಾನಿಸಬೇಕು.

ನೋಡುವ ಆಸೆ ಇದ್ದವರು ಫೆಬ್ರವರಿ ಮೊದಲ ವಾರ, ಚಂದ್ರನಿಲ್ಲದ ರಾತ್ರಿ 9ರ ಸುಮಾರಿಗೆ ಆಳಂದ ರಸ್ತೆಯಲ್ಲಿ ಊರಿನ ದೀಪ ದಾಟಿ ಹೋಗಿ. ಸೇಡಂ ಕಡೆ ಬೇಡ, ಸಿಮೆಂಟ್ ಕಾರ್ಖಾನೆಗಳ ಬೆಳಕು, ಧೂಳು ಅಡ್ಡ ಬರುತ್ತದೆ. ಕಣ್ಣು ಕತ್ತಲಿಗೆ ಹೊಂದಲು 20 ನಿಮಿಷ ಬಿಡಿ, ಮೊಬೈಲ್ ತೆಗೆಯಬೇಡಿ. ದಕ್ಷಿಣಕ್ಕೆ ಮುಖ ಮಾಡಿದರೆ ಎತ್ತರದಲ್ಲಿ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ಚುಕ್ಕಿ. ಅವುಗಳ ಕೆಳಗೆ 7×50 ಬೈನಾಕ್ಯುಲರ್ ಹಿಡಿದರೆ ಮಸುಕಾದ ಬಿಳಿ ಕಲೆ: ಬೆಳಗುವ ಅನಿಲದ ಮೋಡ, ಒರಾಯನ್ ನೀಹಾರಿಕೆ. ನೇರ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿದರೆ ಚೆನ್ನಾಗಿ ಕಾಣುತ್ತದೆ. 3 ಇಂಚಿನ ದೂರದರ್ಶಕವಿದ್ದರೆ ಅದರೊಳಗೆ ನಾಲ್ಕು ಎಳೆಯ ನಕ್ಷತ್ರಗಳು. ಅವುಗಳ ಕಾವಿನಿಂದ ಆ ಅನಿಲ ಸುಮಾರು ಹತ್ತು ಸಾವಿರ ಡಿಗ್ರಿಗೆ ಕಾದು, ಸೃಷ್ಟಿವಾದಿಗಳು ಹೇಳಿದಂತೆಯೇ, ಹಿಗ್ಗುತ್ತಿದೆ. ಹೊಸ ನಕ್ಷತ್ರಗಳು ಕಟ್ಟಿಕೊಳ್ಳುತ್ತಿರುವುದು ಅದರ ಬೆನ್ನಹಿಂದಿನ ತಣ್ಣನೆಯ ಕಪ್ಪು ಮೋಡದಲ್ಲಿ. ಬೈನಾಕ್ಯುಲರಿಗೆ ಅದು ಕಾಣುವುದಿಲ್ಲ.

– ಭೌತವಿಜ್ಞಾನ ಅಧ್ಯಾಪಕ, ಕಲಬುರಗಿ